ಎಲ್ಲಾ ನಾರ್ಮಲ್, ಅದೇ ತೊಂದರೆ

ಲೋ ಎಂಟಾಣೆ,

ನಿನ್ನ ಫೋನ್ ಮೂರು ಸಲ ಎತ್ತಲಿಲ್ಲ. ಬೈದು ಮುಗಿದಿದ್ದರೆ ಇದನ್ನು ಓದು. ಉಳಿದವರೂ ಓದಲಿ ಬಿಡು, ಒಬ್ಬೊಬ್ಬರಿಗೂ ಮೊದಲಿಂದ ಹೇಳುವ ತ್ರಾಣ ಇಲ್ಲ.

ತಲೆನೋವು ಅಂತ ಸುಮ್ನೆ ರಕ್ತ ಪರೀಕ್ಷೆ ಮಾಡಿಸಿದೆ. ರಕ್ತ ಹೆಪ್ಪುಗಟ್ಟಿಸುವ ಕಣ ಇದೆಯಲ್ಲ, ಪ್ಲೇಟ್‌ಲೆಟ್, ಅದು 9 ಲಕ್ಷ! ಇರಬೇಕಾದ್ದು ಒಂದೂವರೆಯಿಂದ ನಾಲ್ಕೂವರೆ ಲಕ್ಷ. ಇಳಿದರೆ ಗಾಬರಿಯಾಗಬೇಕು ಅಂತ ಗೊತ್ತಿತ್ತು, ಏರಿದರೂ ಆಗಬೇಕು ಅಂತ ಗೊತ್ತಿರಲಿಲ್ಲ.

ಕಬ್ಬಿಣಾಂಶ ಕಡಿಮೆಯಾದರೂ ಹೀಗೆ ಏರುತ್ತದಂತೆ. ಎಲ್ಲೋ ಸೋಂಕು, ಉರಿಯೂತ ಇದ್ದರೂ ಅಷ್ಟೇ. ಅದಕ್ಕೆ ಮದ್ದು ಮಾಡಿದರೆ ತಾನಾಗಿ ಇಳಿಯುತ್ತದೆ. ಸರಿ, ಕಬ್ಬಿಣ ಕಡಿಮೆ ಇರಲಿ ಅಂತ ಹರಕೆ ಹೊತ್ತವನು ನಾನೊಬ್ಬನೇ ಇರಬೇಕು. ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್ ಸರಿಯಾಗಿತ್ತು. ಉರಿಯೂತ ತೋರಿಸುವ ಸಿಆರ್‌ಪಿಯೂ ಸರಿಯಾಗಿತ್ತು. ಲ್ಯಾಬಿನ ಹುಡುಗ ನಗುತ್ತಾ 'ಎಲ್ಲಾ ನಾರ್ಮಲ್ ಸಾರ್' ಅಂದ. ಕೆಳಗಿಳಿದು ಮೆಟ್ಟಿಲ ಮೇಲೆ ಕೂತು ಅತ್ತೆ ಕಣೋ.

ಆಮೇಲೆ ಜೀನ್ ಪರೀಕ್ಷೆ. ಜಾಕ್2 ಅನ್ನುವ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿದೆ. ಹುಟ್ಟಿನಿಂದ ಬಂದದ್ದಲ್ಲ, ನಡುವೆ ಯಾವಾಗಲೋ ಆದದ್ದು. ಹೀಗೆ ಪ್ಲೇಟ್‌ಲೆಟ್ ತಾನಾಗಿ ಏರುವ ಕಾಯಿಲೆಯವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಇದೇ ತಪ್ಪು. ಇದನ್ನು ಕಂಡುಹಿಡಿದದ್ದೇ 2005ರಲ್ಲಿ. ಆದರೆ ಇದೇ ತಪ್ಪು ಅಕ್ಕಪಕ್ಕದ ಕಾಯಿಲೆಗಳಲ್ಲೂ ಇರುವುದರಿಂದ, ಸೊಂಟದ ಹಿಂದಿನ ಮೂಳೆಯಿಂದ ಮಜ್ಜೆ ತೆಗೆದು ನೋಡಿದರು. ಆ ಎಳೆತದ ಬಗ್ಗೆ ಕೇಳಬೇಡ.

ಕಾಯಿಲೆಯ ಹೆಸರು ಎಸೆನ್ಷಿಯಲ್ ಥ್ರಾಂಬೋಸೈಥೀಮಿಯಾ. ಎಸೆನ್ಷಿಯಲ್ ಅಂದರೆ ಬೇಕೇಬೇಕಾದ್ದು ಅಂದುಕೊಂಡೆ. ಡಾಕ್ಟರ ಭಾಷೆಯಲ್ಲಿ ಅದರರ್ಥ, ಬೇರೆ ಯಾವ ಕಾರಣವೂ ಸಿಗಲಿಲ್ಲ ಅಂತ!

ಇದನ್ನು ರಕ್ತದ ಕ್ಯಾನ್ಸರ್‌ಗಳ ಸಾಲಿನಲ್ಲೇ ಇಡುತ್ತಾರೆ. ನಿಧಾನದ್ದು, ತುಂಬಾ ಜನ ವರ್ಷಗಟ್ಟಲೆ ಚೆನ್ನಾಗಿರುತ್ತಾರೆ, ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳಬೇಕು ಅಂದರು. ದಿನಕ್ಕೊಂದು ಸಣ್ಣ ಆಸ್ಪಿರಿನ್ ಕೊಟ್ಟಿದ್ದಾರೆ. ಮನೆಯಲ್ಲಿ 'ರಕ್ತ ಸ್ವಲ್ಪ ದಪ್ಪ' ಅಂತಷ್ಟೇ ಹೇಳಿದ್ದೇನೆ. ಎದುರು ನಿಂತು ಹೇಳಲಾಗದೆ ಹೀಗೆ ಊರಿಗೆಲ್ಲ ಕಾಣುವ ಹಾಗೆ ಬರೆಯುತ್ತಿದ್ದೇನೋ ಏನೋ.

ಇನ್ನೊಂದು. ರಾತ್ರಿ ಬೆರಳು ಜುಮ್ಮೆಂದರೆ ಸಾಕು, ಎದ್ದು ಹೋಗಿ ಕನ್ನಡಿ ಮುಂದೆ ಎರಡೂ ಕೈ ಎತ್ತುತ್ತೇನೆ. ಆಮೇಲೆ ನಗುತ್ತೇನೆ. ಲಕ್ವ ಹೊಡೆದು ಬಾಯಿ ಒಂದು ಕಡೆ ಸೊಟ್ಟಗಾಗಿದೆಯಾ ಅಂತ ನೋಡಲು. ದಿನಾ ಮಾಡುತ್ತೇನೆ.

ನನ್ನ ನಗು ಮೊದಲಿಂದಲೂ ಸೊಟ್ಟವೇ ಅಲ್ವಾ, ಅದರಲ್ಲಿ ಏನು ಗೊತ್ತಾಗುತ್ತೆ ಮಣ್ಣು! ಫೋನ್ ಮಾಡು, ಈ ಸಲ ಎತ್ತುತ್ತೇನೆ. ಮೇಷ್ಟ್ರ ಕೊಡೆ ವಿಷಯ ಮಾತ್ರ ತೆಗೀಬೇಡ.

ನಿನ್ನ,
9 ಲಕ್ಷದ ಒಡೆಯ