ತೊಗರಿ ಬಿತ್ತಿದ ವಾರದಿಂದ ಎಣಿಸು

ತಂಗೀ,

ನಿನ್ನ ಚಿತ್ರಕಥೆ ಎರಡು ಸಲ ಓದಿದೆ. ಸೆಕೆಂಡ್ ಪಿಯುಸಿ ಓದುವ ಹದಿನೇಳರ ಹುಡುಗಿ ಬಸುರಿ, ಊರು ಕಲಬುರಗಿ. ನಗಿಸುವ ಸಿನಿಮಾಕ್ಕೆ ಗಟ್ಟಿ ವಸ್ತು. ಆದರೆ ತಿಂಗಳ ಲೆಕ್ಕ ತಪ್ಪಿದೆ, ಅದಕ್ಕೇ ನಗುವೂ ಜಾರುತ್ತದೆ.

ಗೋಡೆಗೊಂದು ಕ್ಯಾಲೆಂಡರ್ ಹಚ್ಚು. ಕೊನೆಯ ಮುಟ್ಟಿನಿಂದ 40 ವಾರ. ತೊಗರಿ ಬಿತ್ತುವ ಜೂನ್ ಕೊನೆಯಿಂದ ಎಣಿಸಿದರೆ ಆಗಸ್ಟ್ ಮೊದಲ ವಾರ ಬಸಿರು ಪರೀಕ್ಷೆಯ ಕಿಟ್‌ನಲ್ಲಿ ಎರಡು ಗೆರೆ. ತೊಗರಿ ಹೂವಾದಾಗ, ನವೆಂಬರ್‌ನಲ್ಲಿ, ಕೂಸು ಮಿಸುಕುತ್ತದೆ. ರಾಶಿ ಹೊತ್ತಿಗೆ ದುಪಟ್ಟಾ ಹೊಟ್ಟೆ ಮುಚ್ಚುವುದಿಲ್ಲ. ಮಾರ್ಚ್‌ನಲ್ಲಿ ತುಂಬು ತಿಂಗಳು, ಪರೀಕ್ಷೆ, ಶರಣಬಸವೇಶ್ವರ ಜಾತ್ರೆ ಮೂರೂ ಒಟ್ಟಿಗೆ. ನಿನ್ನ ಕ್ಲೈಮ್ಯಾಕ್ಸ್ ಅಲ್ಲಿದೆ. ನೀನೋ ಜಾತ್ರೆಯಲ್ಲಿ ಅವಳಿಗೆ ವಾಂತಿ ಶುರುಮಾಡಿಸಿದ್ದೀ. ವಾಂತಿ ಸಾಮಾನ್ಯವಾಗಿ ಆರನೇ ವಾರದ ಸುಮಾರಿಗೆ ಹತ್ತಿ, ನಾಲ್ಕನೇ ತಿಂಗಳಿಗೆ ಇಳಿದಿರುತ್ತದೆ.

ಕಿಟ್ ದೃಶ್ಯ ಅರ್ಧ ಪುಟಕ್ಕೇ ಮುಗಿದಿದೆ. ಒಂದು ಪುಟ ಪರದೆಯ ಮೇಲೆ ಸುಮಾರು ಒಂದು ನಿಮಿಷ. ಇದಕ್ಕೆ ಮೂರು ಪುಟ ಕೊಡು. ಸೂಪರ್ ಮಾರ್ಕೆಟ್‌ನ ಮೆಡಿಕಲ್‌ನಲ್ಲಿ ಕಿಟ್ ಕೇಳಲು ಬಾಯಿ ಬಾರದೆ ಗುಳಿಗೆ, ಶಾಂಪೂ, ಬ್ಯಾಂಡೇಜು ಕೊಳ್ಳುತ್ತ ಹೋಗಲಿ. ಮನೆಯಲ್ಲಿ ಡ್ರಾಪರಿನಿಂದ ಮೂರು ಹನಿ, ಐದು ನಿಮಿಷದ ಕಾಯುವಿಕೆ. ಕಿಟ್ ಸರಿಯಿದೆ ಎನ್ನುವ ಸಿ ಎದುರು ಗೆರೆ ಮೂಡಿದೆ, ಬಸಿರು ತಿಳಿಸುವ ಟಿ ಎದುರು ಇನ್ನೂ ಖಾಲಿ. ಹೊರಗೆ ಅವ್ವ ಬಕೀಟು ಹಿಡಿದು ಬಾಗಿಲು ಬಡಿಯುತ್ತಾಳೆ: "ಎಷ್ಟೊತ್ತ್ ಮಾಡ್ತಿ, ನಳದ ನೀರ್ ಹೋಗ್ತಾವ!" ಹುಡುಗಿಯನ್ನು ನೋಡಿ ಯಾರೂ ನಗಬಾರದು. ನಗು ಆ ಬಕೀಟಿನಿಂದ ಬರಲಿ.

‘ಜೂನೋ’ ಎಂಬ ಇಂಗ್ಲಿಷ್ ಸಿನಿಮಾದಲ್ಲಿ (2007) 16ರ ಬಸುರಿ ಹುಡುಗಿ ಜಾಹೀರಾತು ನೋಡಿ ಕೂಸಿಗೆ ತಂದೆತಾಯಿ ಹುಡುಕುತ್ತಾಳೆ. ನೀನೂ ಅದನ್ನೇ ಎತ್ತಿದ್ದೀ, ಇಲ್ಲಿ ನಡೆಯದು. ಕೂಸನ್ನು ಮಕ್ಕಳ ಕಲ್ಯಾಣ ಸಮಿತಿಯ ಎದುರು ಒಪ್ಪಿಸಬೇಕು. ಮನಸ್ಸು ಬದಲಿಸಲು ಎರಡು ತಿಂಗಳಿರುತ್ತದೆ. ಗರ್ಭಪಾತ ಮಾಡಿಸೋಣ ಅಂದರೆ, 18 ತುಂಬದವಳಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಮುತ್ಯಾ "ಮದುವಿ ಮಾಡಿಬಿಡ್ರಿ" ಅಂದರೆ, ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹಿರಿಯರೆಲ್ಲ ಕೂತು ಹೂಡಿದ ಒಂದೊಂದು ಉಪಾಯವೂ ಕಾಯ್ದೆಗೆ ಬಡಿದು ಬೀಳುವುದನ್ನು ಬರಿ, ಥಿಯೇಟರು ನಗುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಪ್ರಕಾರ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಆ ದೃಶ್ಯ ಬಿಡಬೇಡ. ಅಲ್ಲೊಂದೂ ಜೋಕು ಬೇಡ.

ನಮ್ಮ ಕಡೆಯ ಮಾತನ್ನೇ ನಗೆಪಾಟಲು ಮಾಡುವ ಸಿನಿಮಾ ಬೇಕಾದಷ್ಟಿವೆ, ನೀನು ಮಾಡಬೇಡ. ಆಯಿಯ ಸಂಭಾಷಣೆ ಬೆಂಗಳೂರಿನದಾಗಿದೆ: "ಏನು ಮಾಡ್ತಿದ್ದೀಯಾ" ಹೊಡೆದು "ಏನ್ ಮಾಡ್ಲತ್ತಿ" ಅಂತ ಹಾಕು. ತಿದ್ದಿದ ಪ್ರತಿ ಕಳಿಸು.