ಕೊಲೆಸ್ಟರಾಲ್‌ಗೆ ಬರೀ ನಾಲಿಗೆಯೇ ಹೊಣೆಯೇ?

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ತಪಾಸಣಾ ಶಿಬಿರದ ಕುರಿತು ನಿನ್ನೆಯ ಸಂಚಿಕೆಯಲ್ಲಿ ಬಂದ ವರದಿಯನ್ನು ಓದಿದೆ. ‘ಕೊಲೆಸ್ಟರಾಲ್ ಏರಲು ನಾಲಿಗೆ ಚಪಲವೇ ಕಾರಣ’ ಎಂಬ ಅಧಿಕಾರಿಗಳ ಅಪ್ಪಣೆಯನ್ನು ದಪ್ಪಕ್ಷರದ ಶೀರ್ಷಿಕೆ ಮಾಡಿದ ತಾವು, ಆ ಮಾತನ್ನು ಅವರು ಯಾರನ್ನು ಎದುರಿಗೆ ನಿಲ್ಲಿಸಿಕೊಂಡು ಆಡಿದರು ಎಂಬುದನ್ನು ಬರೆದಿಲ್ಲ. ನಿಂತವರಲ್ಲಿ ನಾನೂ, ಒಂಬತ್ತನೇ ತರಗತಿಯಲ್ಲಿ ಓದುವ ನನ್ನ ಮಗಳೂ ಇದ್ದೆವು.

ರಾತ್ರಿಯಿಂದ ಉಪವಾಸವಿದ್ದು ಬರಬೇಕೆಂದರು, ಬಂದೆವು. ಉದ್ಘಾಟನಾ ಭಾಷಣಗಳು ಮುಗಿಯುವವರೆಗೆ ಯಾರ ರಕ್ತವನ್ನೂ ತೆಗೆಯುವಂತಿಲ್ಲ ಎಂದರು, ಬಿಸಿಲಿನಲ್ಲಿ ಕಾದೆವು. ಲಿಪಿಡ್ ಪ್ರೊಫೈಲ್ ಎಂಬ ರಕ್ತದ ಕೊಬ್ಬಿನ ಪರೀಕ್ಷೆಯ ಮೊದಲ ತಪಾಸಣೆಗೆ ಖಾಲಿ ಹೊಟ್ಟೆ ಕಡ್ಡಾಯವಲ್ಲವೆಂದು ಯುರೋಪಿನ ತಜ್ಞರ ಸಂಘಗಳು 2016ರಲ್ಲೇ ಹೇಳಿದ್ದರೂ ಆ ಸುದ್ದಿ ನಮ್ಮ ಅಧಿಕಾರಿಗಳ ಮೇಜನ್ನು ಇನ್ನೂ ಮುಟ್ಟಿಲ್ಲವೆಂದು ತೋರುತ್ತದೆ. ಸಂಜೆ ಫಲಿತಾಂಶ ಕೊಡುವಾಗ, ಕೆಂಪು ಗೆರೆ ಬಿದ್ದ ಹಾಳೆಯವರನ್ನೆಲ್ಲ ಬೇರೆ ಸಾಲಿನಲ್ಲಿ ನಿಲ್ಲಿಸಿ, ಹೆಸರು ಹಾಗೂ ಅಂಕಿಗಳನ್ನು ಮೈಕಿನಲ್ಲಿ ಓದಲಾಯಿತು. ‘ಕೆಟ್ಟ ಕೊಲೆಸ್ಟರಾಲ್’ ಎನ್ನುವ ಎಲ್‌ಡಿಎಲ್ ನನ್ನದು 228, ಮಗಳದು 196. ‘ಅಪ್ಪನೂ ಹಾಗೇ, ಮಗಳೂ ಹಾಗೇ, ಮನೆಯಲ್ಲಿ ಬಾಣಲೆ ಒಲೆಯಿಂದ ಇಳಿಯುವುದೇ ಇಲ್ಲವೇನೋ’ ಎಂದು ಅಧಿಕಾರಿಗಳು ನಗೆಚಾಟಿಕೆ ಮಾಡಿದರು, ಸಭೆ ನಕ್ಕಿತು. ಮಗಳು ಇವತ್ತು ಶಾಲೆಗೆ ಹೋಗಲು ಒಪ್ಪಲಿಲ್ಲ, ಆದ್ದರಿಂದ ನಾನೂ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ತಮ್ಮ ವರದಿ ಓದಿದ ಬಂಧುಗಳೆಲ್ಲ ಬೆಳಗಿನಿಂದ ಫೋನ್ ಮಾಡಿ ಎಣ್ಣೆ ಬಿಡುವ ಉಪದೇಶ ಮಾಡುತ್ತಿರುವುದು ಬೇರೆ.

ಅಪ್ಪನೂ ಹಾಗೇ, ಮಗಳೂ ಹಾಗೇ ಎಂದು ಗೇಲಿ ಮಾಡಿದರಲ್ಲ, ರೋಗದ ಸುಳಿವು ಇದ್ದದ್ದು ಆ ಮಾತಿನಲ್ಲೇ. ಒಂದೇ ಮನೆಯ ಎರಡು ತಲೆಮಾರಿನಲ್ಲಿ ಎಲ್‌ಡಿಎಲ್ 190ನ್ನು ದಾಟಿದ್ದರೆ ಓದಿದ ವೈದ್ಯರು ಮೊದಲು ಅನುಮಾನಿಸಬೇಕಾದದ್ದು ಆನುವಂಶಿಕ ಕಾರಣವನ್ನು. ನಮ್ಮ ದೇಹದ ಕೊಲೆಸ್ಟರಾಲ್‌ನಲ್ಲಿ ಹೆಚ್ಚಿನ ಪಾಲು ತಟ್ಟೆಯಿಂದ ಬರುವುದಿಲ್ಲ, ದೇಹವೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಕೋಶಗಳ ಹೊರಮೈಯಲ್ಲಿರುತ್ತವೆ. ಆ ಗ್ರಾಹಕವನ್ನು ರೂಪಿಸುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ, ಹಿಡಿಯುವ ಕೈಗಳು ಅರ್ಧಕ್ಕಿಳಿದು, ಹುಟ್ಟಿದಾಗಿನಿಂದಲೇ ರಕ್ತದಲ್ಲಿ ಎಲ್‌ಡಿಎಲ್ ಜಮೆಯಾಗತೊಡಗುತ್ತದೆ. ಇದನ್ನು ಕಂಡುಹಿಡಿದ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ ನೊಬೆಲ್ ಬಂದದ್ದು 1985ರಲ್ಲಿ. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುವ, ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಇರುವ ದೋಷವಿದು. ಅಂದಮೇಲೆ ಆ ಸಭೆಯಲ್ಲಿ ನಕ್ಕವರಲ್ಲೂ ಇಂಥವರು ಇದ್ದಿರಬಹುದು.

ಇದೆಲ್ಲ ನನಗೆ ಗೊತ್ತಾದದ್ದು ಅಣ್ಣನಿಂದ. ಕಳೆದ ವರ್ಷ ಅವನನ್ನು ನೋಡಿದ ತಜ್ಞರು ರಕ್ತದ ವರದಿಯನ್ನು ತೆರೆಯುವ ಮೊದಲೇ, ಚಪ್ಪಲಿ ಬಿಡಿಸಿ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜನ್ನು, ಅಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿಯನ್ನು, ಎರಡು ಬೆರಳಿನಲ್ಲಿ ಹಿಡಿದು ನೋಡಿದರಂತೆ. ಅದು ಗಂಟುಗಂಟಾಗಿ ಊದಿತ್ತು. ಕೊಲೆಸ್ಟರಾಲ್ ಅಲ್ಲಿಯೂ ಕೂರುತ್ತದೆ. ನಮ್ಮ ತಂದೆಯವರ ಕಾಲಿನಲ್ಲೂ ಅದೇ ಊತವಿತ್ತು. ಬೂಟು ಉಜ್ಜಿ ಆದದ್ದೆಂದು ನಾವೆಲ್ಲ ನಂಬಿದ್ದೆವು, 44ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ಅವರು ಹೋದಾಗಲೂ ಯಾರಿಗೂ ಅದರ ನೆನಪಾಗಲಿಲ್ಲ. ಒಡಹುಟ್ಟಿದವರನ್ನೂ ಮಕ್ಕಳನ್ನೂ ತಪ್ಪದೆ ಪರೀಕ್ಷಿಸಿ ಎಂದು ಆ ತಜ್ಞರು ಹೇಳಿದ್ದರಿಂದಲೇ ನಾನು ಮಗಳನ್ನು ಶಿಬಿರಕ್ಕೆ ಕರೆದೊಯ್ದದ್ದು. ಇದನ್ನು ಅಧಿಕಾರಿಗಳಿಗೆ ವಿವರಿಸಲು ಬಾಯಿ ತೆರೆದರೆ, ‘ನೆಪ ಹೇಳಬೇಡಿ’ ಎಂಬ ಉತ್ತರ. ಶಿಬಿರದ ನಮೂನೆಯಲ್ಲಿ ‘ಕುಟುಂಬದಲ್ಲಿ ಹೃದ್ರೋಗ’ ಎಂಬ ಅಂಕಣವೇನೋ ಇದೆ. ಅದರ ಮುಂದೆ ‘ಇಲ್ಲ’ ಎಂಬುದನ್ನು ಎಲ್ಲರಿಗೂ ಮೊದಲೇ ಮುದ್ರಿಸಿಟ್ಟಿದ್ದಾರೆ. ಕೇಳುವ ಶ್ರಮವೂ ಉಳಿಯಿತು, ಬರೆಯುವ ಶಾಯಿಯೂ ಉಳಿಯಿತು.

ಆಹಾರಕ್ಕೆ ಬೆಲೆಯೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಟ್ರೈಗ್ಲಿಸರೈಡ್ ಎಂಬ ಕೊಬ್ಬು ಸಕ್ಕರೆಗೆ, ಮದ್ಯಕ್ಕೆ, ಬೊಜ್ಜಿಗೆ ಬೇಗ ಏರುತ್ತದೆ, ಆದರೆ ಅದನ್ನು ಒಡೆಯುವ ಕಿಣ್ವದ ಜೀನು ದುರ್ಬಲವಾಗಿದ್ದರೆ ಒಬ್ಬರಿಗೆ ದಕ್ಕಿದ ಊಟ ಮತ್ತೊಬ್ಬರಿಗೆ ದಕ್ಕುವುದಿಲ್ಲ. ಲೈಪೊಪ್ರೋಟೀನ್ ‘ಎ’ ಎಂಬ, ಕೊಲೆಸ್ಟರಾಲ್ ಹೊರುವ ಇನ್ನೊಂದು ಕಣದ ಪ್ರಮಾಣವನ್ನಂತೂ ಬಹುಮಟ್ಟಿಗೆ ಹುಟ್ಟೇ ನಿರ್ಧರಿಸುತ್ತದೆ, ಪಥ್ಯ ಮಾಡಿದರೂ ಅದು ಹೆಚ್ಚೇನೂ ಕದಲದು. ಎಲ್‌ಡಿಎಲ್ ಹಿಡಿಯುವ ಗ್ರಾಹಕಗಳನ್ನು ಕಡಿಮೆ ಮಾಡುವ ಪಿಸಿಎಸ್‌ಕೆ9 ಎಂಬ ಜೀನಿನ ಕತೆ ಇನ್ನೂ ಸ್ವಾರಸ್ಯವಾದದ್ದು. ಅದು ಅತಿಯಾಗಿ ದುಡಿದರೆ ಎಲ್‌ಡಿಎಲ್ ಏರುತ್ತದೆಂದು 2003ರಲ್ಲಿ ಫ್ರಾನ್ಸಿನ ಕುಟುಂಬಗಳಲ್ಲಿ ಗೊತ್ತಾಯಿತು. ಅದರ ಒಂದು ಪ್ರತಿ ಕೆಲಸ ನಿಲ್ಲಿಸಿದ ಅಮೆರಿಕದ ಕಪ್ಪು ಜನಾಂಗದವರಲ್ಲಿ ಎಲ್‌ಡಿಎಲ್ ಶೇ 28ರಷ್ಟು ಕಡಿಮೆಯಿದ್ದು, ಹೃದ್ರೋಗದ ಅಪಾಯ ಶೇ 88ರಷ್ಟು ಇಳಿದಿತ್ತೆಂದು 2006ರಲ್ಲಿ ಪ್ರಕಟವಾಯಿತು. ಅವರಲ್ಲಿ ಧೂಮಪಾನಿಗಳಿಗೂ ರಕ್ತದೊತ್ತಡದವರಿಗೂ ಕೊರತೆಯಿರಲಿಲ್ಲ. ನಮ್ಮ ಅಧಿಕಾರಿಗಳು ಅಲ್ಲಿದ್ದಿದ್ದರೆ ಅವರನ್ನೆಲ್ಲ ವೇದಿಕೆಗೆ ಕರೆದು, ನಾಲಿಗೆಯನ್ನು ಗೆದ್ದವರೆಂದು ಸನ್ಮಾನಿಸುತ್ತಿದ್ದರೇನೋ.

ಶಿಬಿರಗಳ ಈ ಬೇಜವಾಬ್ದಾರಿ ಇವತ್ತಿನ ಕಾಯಿಲೆಯಲ್ಲ. ಹಿಂದಿನ ಶಿಬಿರದಲ್ಲಿ ತೆಗೆದ ರಕ್ತದ ಫಲಿತಾಂಶ ನಮ್ಮ ಬೀದಿಯ ಯಾರ ಕೈಗೂ ಬಂದಿಲ್ಲ. ವಿಚಾರಿಸಿದರೆ ದಾಖಲೆ ಪುಸ್ತಕ ವರ್ಗವಾದ ಅಧಿಕಾರಿಯ ಜೊತೆಗೇ ಹೋಗಿದೆ ಎಂದರು. ಅದಕ್ಕೂ ಹಿಂದಿನವರು ಎಲ್‌ಡಿಎಲ್ ಮತ್ತು ‘ಒಳ್ಳೆಯ ಕೊಲೆಸ್ಟರಾಲ್’ ಎನ್ನುವ ಎಚ್‌ಡಿಎಲ್ ಬಿಡಿಸಿ ತೋರಿಸದೆ ಒಟ್ಟು ಕೊಲೆಸ್ಟರಾಲ್ ಒಂದನ್ನೇ ಚೀಟಿಯಲ್ಲಿ ಗೀಚಿ ಕಳುಹಿಸಿದ್ದರು. ಕುಟುಂಬದ ಮಾಹಿತಿಯನ್ನು ದಾಖಲಿಸಿಕೊಳ್ಳಿ ಎಂದು ನಾನು ಕೊಟ್ಟ ಮನವಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಮೊಹರು ಬಿದ್ದಿದೆ. ಮೊಹರು ಮಾತ್ರ ಬಹಳ ಸ್ಪಷ್ಟವಾಗಿದೆ.

ಆದ್ದರಿಂದ ಅಧಿಕಾರಿಗಳು ಆ ಮಾತನ್ನು ಹಿಂತೆಗೆದುಕೊಳ್ಳಬೇಕು. ಹಿಂತೆಗೆದುಕೊಳ್ಳದಿದ್ದರೆ, ಕೆಂಪು ಗೆರೆ ಬಿದ್ದವರ ಮನೆಯವರನ್ನೆಲ್ಲ ಕರೆಸಿ ಪರೀಕ್ಷಿಸುವ ಏರ್ಪಾಡನ್ನಾದರೂ ಮಾಡಬೇಕು, ಅಥವಾ ಎರಡನ್ನೂ ಮಾಡಬೇಕು. ಶೀರ್ಷಿಕೆಯನ್ನು ಅಷ್ಟು ದೊಡ್ಡದಾಗಿ ಹಾಕಿದ ತಾವೂ ಏನಾದರೂ ಮಾಡಿದರೆ ಒಳ್ಳೆಯದು. ಸಂಬಂಧಪಟ್ಟವರು ಸೂಕ್ತ ಕ್ರಮ ಕೈಗೊಳ್ಳಲಿ; ಯಾವುದು ಸೂಕ್ತ ಎಂಬುದನ್ನೂ ನಾವೇ ಹೇಳಿಕೊಡಬೇಕಾದರೆ ಇವರಿಗೆ ಸಂಬಳ ಯಾತಕ್ಕೆ?

ಇಂತಿ,
ಕೆಂಪು ಗೆರೆ ಬಿದ್ದ ಓದುಗರಲ್ಲೊಬ್ಬ