ಅಗ್ಗದ ಟೀಯನ್ನು ಯಾಕೆ ಎಸೆದರು?

ಅಮ್ಮ ಮೈಸೂರಿನಿಂದ ಬಂದು ಎರಡು ತಿಂಗಳಾಯಿತು. ಊರಿಂದ ಬಂದವರಿಗೆ ಬಾಸ್ಟನ್ ತೋರಿಸುವ ಕ್ರಮ ನಮ್ಮೆಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ಆಷ್‌ಲ್ಯಾಂಡಿನ ಲಕ್ಷ್ಮೀ ದೇವಸ್ಥಾನ, ಹಾರ್ವರ್ಡ್ ಅಂಗಳ, ಚಾರ್ಲ್ಸ್ ನದಿಯ ದಂಡೆ, ಕೊನೆಗೆ ಟೀ ಪಾರ್ಟಿ ಹಡಗು, ಅಂದರೆ 1773ರಲ್ಲಿ ಇಲ್ಲಿನವರು ಬ್ರಿಟಿಷರ ಟೀಯನ್ನು ಸಮುದ್ರಕ್ಕೆ ಎಸೆದದ್ದರ ನೆನಪಿಗೆ ಇಟ್ಟಿರುವ ಹಡಗು. ಹೋದ ತಿಂಗಳು ನಾವೂ ಆ ಹಡಗು ಹತ್ತಿದೆವು. ಅಲ್ಲೊಂದು ತಮಾಷೆ ಇದೆ. ಬಂದವರ ಕೈಗೆ ಟೀ ಪೆಟ್ಟಿಗೆ ಕೊಟ್ಟು, ಸಮುದ್ರಕ್ಕೆ ಎಸೆಯಿರಿ ಅನ್ನುತ್ತಾರೆ. ಪೆಟ್ಟಿಗೆಗೆ ಹಗ್ಗ ಕಟ್ಟಿರುತ್ತದೆ. ಎಸೆದ ಮೇಲೆ ಎಳೆದುಕೊಂಡು ಮುಂದಿನವರಿಗೆ ಕೊಡುತ್ತಾರೆ. ಅಮ್ಮ ಎಸೆಯಲಿಲ್ಲ. "ತಿನ್ನೋ ಕುಡಿಯೋ ವಸ್ತು, ಆಟಕ್ಕೂ ಎಸೀಬಾರ್ದು" ಅಂದರು.

ಶಾಲೆಯಲ್ಲಿ ಓದಿದ್ದನ್ನು ನಾನು ಒಪ್ಪಿಸಿದೆ. ಬ್ರಿಟಿಷರು ಟೀ ಮೇಲೆ ತೆರಿಗೆ ಹಾಕಿದರು, ಬೆಲೆ ಜಾಸ್ತಿಯಾಯಿತು, ಜನ ಸಿಟ್ಟಿಗೆದ್ದು ಎಸೆದರು. ಹಡಗಿನಲ್ಲಿದ್ದ ಹುಡುಗಿ ನಕ್ಕು ತಿದ್ದಿದಳು. ಆ ವರ್ಷ ಟೀ ಬೆಲೆ ಏರಲಿಲ್ಲ, ಇಳಿಯಿತು ಅಂದಳು. ಅಮ್ಮ ನನ್ನ ಕಡೆ ತಿರುಗಿ, "ಅಗ್ಗ ಮಾಡಿದ್ರೆ ಯಾಕೋ ಎಸೀತಾರೆ?" ಅಂದರು.

ಮನೆಗೆ ಬರುವಷ್ಟರಲ್ಲಿ ಅರೆಬರೆ ಉತ್ತರ ಕೊಟ್ಟೆ. ಅಮ್ಮನಿಗೆ ಸಾಲಲಿಲ್ಲ, ನನಗೂ ಸಾಲಲಿಲ್ಲ. ಈ ಜುಲೈ 4ಕ್ಕೆ ಅಮೆರಿಕ ಸ್ವತಂತ್ರವಾಗಿ 250 ವರ್ಷ. ಆ ಬಾಕಿ ಉತ್ತರ ನಮ್ಮ ಸಂಘದ ಈ ಸಂಚಿಕೆಗೇ ಬರಲಿ ಅಂತ ಕೂತೆ.

ಶುರುವಾದದ್ದು ಸಾಲದಿಂದ. ಫ್ರಾನ್ಸಿನ ಜೊತೆ ಏಳು ವರ್ಷ ಯುದ್ಧ ಮಾಡಿ 1763ರಲ್ಲಿ ಬ್ರಿಟನ್ ಗೆದ್ದಿತು. ಗೆಲ್ಲುವಷ್ಟರಲ್ಲಿ ದೇಶದ ಸಾಲ ಸುಮಾರು 7.5 ಕೋಟಿ ಪೌಂಡಿನಿಂದ 13 ಕೋಟಿ ದಾಟಿತ್ತು. ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇಡುವ ಯೋಚನೆ ಬೇರೆ. ಆ ಖರ್ಚಿನಲ್ಲಿ ಒಂದು ಪಾಲು ನೀವು ಕೊಡಿ ಅಂತ ಲಂಡನ್ ಇಲ್ಲಿನ ತನ್ನ ವಸಾಹತುಗಳನ್ನು ಕೇಳಿತು. ಇದರಲ್ಲಿ ಅನ್ಯಾಯ ಏನಿದೆ ಅಂತ ನನಗೂ ಮೊದಲು ಅನ್ನಿಸಿತ್ತು. ಇಂಗ್ಲೆಂಡಿನಲ್ಲಿದ್ದವರು ಇಲ್ಲಿನವರಿಗಿಂತ ಎಷ್ಟೋ ಪಟ್ಟು ಜಾಸ್ತಿ ತೆರಿಗೆ ಕಟ್ಟುತ್ತಿದ್ದರು.

ಅದೇ ವರ್ಷ ರಾಜ ಇನ್ನೊಂದು ಆಜ್ಞೆ ಹೊರಡಿಸಿದ. ಅಪಲೇಚಿಯನ್ ಬೆಟ್ಟಸಾಲಿನ ಆಚೆ ಬಿಳಿಯರು ನೆಲೆಸಬಾರದು, ಅದು ಅಲ್ಲಿನ ಮೂಲನಿವಾಸಿಗಳ ನೆಲ. ಆ ಜಮೀನಿಗೆ ಕಣ್ಣು ಹಾಕಿದವರು ಬಹಳ ಜನ ಇದ್ದರು. ಜಾರ್ಜ್ ವಾಷಿಂಗ್ಟನ್ ಕೂಡ ಅವರಲ್ಲೊಬ್ಬ. ಶಾಲೆಯ ಪಾಠದಲ್ಲಿ ಈ ಕಾರಣಕ್ಕೆ ಸಿಗುವ ಜಾಗ ಯಾಕೋ ಬಹಳ ಕಡಿಮೆ.

ಮಾರನೇ ವರ್ಷ ಬಂದದ್ದು ಕಾಕಂಬಿ ಸುಂಕ. ಇಲ್ಲಿನವರು ವೆಸ್ಟ್ ಇಂಡೀಸಿನಿಂದ ಕಾಕಂಬಿ ತರಿಸಿ ರಮ್ ಕಾಯಿಸುತ್ತಿದ್ದರು. ವಿದೇಶಿ ಕಾಕಂಬಿಗೆ ಗ್ಯಾಲನ್ನಿಗೆ 6 ಪೆನ್ಸ್ ಸುಂಕ ಇತ್ತು. 1764ರಲ್ಲಿ ಅದನ್ನು 3 ಪೆನ್ಸಿಗೆ ಇಳಿಸಿದರು. ಸುಂಕ ಅರ್ಧವಾಯಿತು, ಕೂಗು ಎರಡರಷ್ಟಾಯಿತು! ಯಾಕೆಂದರೆ ಹಳೇ 6 ಪೆನ್ಸನ್ನು ಯಾರೂ ಸರಿಯಾಗಿ ಕಟ್ಟುತ್ತಲೇ ಇರಲಿಲ್ಲ. ಅಧಿಕಾರಿಯ ಕೈ ಬಿಸಿ ಮಾಡಿದರೆ ಮುಗಿಯುತ್ತಿತ್ತು. ಹೊಸ 3 ಪೆನ್ಸನ್ನು ನಿಜಕ್ಕೂ ವಸೂಲು ಮಾಡಲು ಹೊರಟರು. ಸಿಕ್ಕಿಬಿದ್ದರೆ ಊರಿನ ಪಂಚರ (ಜ್ಯೂರಿ) ಮುಂದೆ ವಿಚಾರಣೆ ಇಲ್ಲ. ಪಂಚರೇ ಇಲ್ಲದ ನೌಕಾ ನ್ಯಾಯಾಲಯ. ಬೆಲೆ ಇಳಿದಾಗ ಸಿಟ್ಟು ಏರುವ ಕಥೆ ಇಲ್ಲಿಂದಲೇ ಶುರು ಅನ್ನಬಹುದು.

1765ರಲ್ಲಿ ಛಾಪಾ ಕಾಗದ ಬಂತು. ಜಮೀನು ಪತ್ರ, ಪತ್ರಿಕೆ, ಪಂಚಾಂಗ, ಇಸ್ಪೀಟು ಎಲೆ, ಕೊನೆಗೆ ದಾಳಕ್ಕೂ ತೆರಿಗೆ. ಲಾಯರು, ಮುದ್ರಕ, ಹೆಂಡದಂಗಡಿಯವ, ಮೂವರನ್ನೂ ಒಟ್ಟಿಗೇ ಕೆಣಕಿದರೆ ಇನ್ನೇನಾಗುತ್ತದೆ? ಆಗ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್‌ಗೂ ಜನರ ಸಿಟ್ಟಿನ ಅಂದಾಜು ಸಿಗಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಛಾಪಾ ಕಾಗದ ಹಂಚುವ ಕೆಲಸಕ್ಕೆ ತನ್ನ ಸ್ನೇಹಿತನ ಹೆಸರನ್ನೇ ಸೂಚಿಸಿದ. ಪಾಪ, ಆ ಸ್ನೇಹಿತ ಊರಲ್ಲಿ ತಲೆ ಎತ್ತದ ಹಾಗಾಯಿತು.

ಬಾಸ್ಟನ್ನಿನಲ್ಲಿ ಆಗಸ್ಟ್ 26ರ ರಾತ್ರಿ ಗುಂಪೊಂದು ಥಾಮಸ್ ಹಚಿನ್ಸನ್ ಮನೆಗೆ ನುಗ್ಗಿತು. ಆತ ಆಗ ಉಪಗವರ್ನರ್. ಬಾಗಿಲು ಒಡೆದರು, ಒಳಗೋಡೆ ಕೆಡವಿದರು, ತೋಟದ ಮರ ಕಡಿದರು. ಆತ ವರ್ಷಗಟ್ಟಲೆ ಕೂತು ಬರೆಯುತ್ತಿದ್ದ ಮ್ಯಾಸಚೂಸೆಟ್ಸ್ ಇತಿಹಾಸದ ಹಸ್ತಪ್ರತಿಯನ್ನು ಬೀದಿಯ ಕೆಸರಿಗೆ ಎಸೆದರು. ಮಾರನೇ ದಿನ ಯಾರೋ ಆರಿಸಿ ತಂದುಕೊಟ್ಟರು. ಆ ಹಾಳೆಗಳ ಮೇಲೆ ಕೆಸರಿನ ಕಲೆ ಉಳಿದೇಹೋಯಿತು. ವಿಚಿತ್ರ ಏನೆಂದರೆ, ಛಾಪಾ ಕಾಗದ ಬೇಡ ಅಂತ ಲಂಡನ್ನಿಗೆ ಒಳಗೊಳಗೇ ಹೇಳಿದ್ದವರಲ್ಲಿ ಹಚಿನ್ಸನ್ನನೂ ಒಬ್ಬ. ಸ್ವಾತಂತ್ರ್ಯದ ಕಥೆ ಹೇಳುವಾಗ ಈ ರಾತ್ರಿಯನ್ನು ಮರೆಮಾಚಬಾರದು ಅಂತ ನನ್ನ ಅಭಿಪ್ರಾಯ.

ಹಾಗಾದರೆ ಇಲ್ಲಿನವರ ತಕರಾರು ಏನು? ವರ್ಜೀನಿಯಾದಲ್ಲಿ 1619ರಿಂದಲೇ ಜನ ಆರಿಸಿದ ಸಭೆ ಇತ್ತು. ಉಳಿದ ವಸಾಹತುಗಳಲ್ಲೂ ಒಂದೊಂದಾಗಿ ಬಂದವು. ರಸ್ತೆಗೆ ದುಡ್ಡು ಬೇಕೇ, ಗವರ್ನರಿಗೆ ಸಂಬಳ ಬೇಕೇ, ಆ ಸಭೆ ಕೂತು ತೆರಿಗೆ ಹಾಕುತ್ತಿತ್ತು. ನೂರಕ್ಕೂ ಹೆಚ್ಚು ವರ್ಷದ ರೂಢಿ ಅದು. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಇವರ ಕಡೆಯವರು ಒಬ್ಬರೂ ಇಲ್ಲ. ಅದಕ್ಕೆ ಲಂಡನ್ ಕೊಟ್ಟ ಉತ್ತರ ಚೆನ್ನಾಗಿದೆ: ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮಿಗೂ ಸದಸ್ಯರಿಲ್ಲ, ಅವರು ಸುಮ್ನೆ ತೆರಿಗೆ ಕಟ್ಟುತ್ತಿಲ್ಲವೇ? ತಮ್ಮ ಮನೆಯ ಹುಳುಕನ್ನೇ ಸಾಕ್ಷಿಗೆ ಕರೆದಂತಾಯಿತು.

ಗಲಾಟೆಗೆ ಬಗ್ಗಿ 1766ರ ಮಾರ್ಚಿನಲ್ಲಿ ಛಾಪಾ ಕಾನೂನನ್ನು ವಾಪಸ್ ಪಡೆದರು. ಇಲ್ಲಿ ಗಂಟೆ ಬಾರಿಸಿ, ದೀಪ ಹಚ್ಚಿ ಕುಣಿದರು. ಆದರೆ ಅದೇ ದಿನ ಪಾರ್ಲಿಮೆಂಟ್ ಇನ್ನೊಂದು ಕಾನೂನು ಮಾಡಿತ್ತು. ವಸಾಹತುಗಳ ಮೇಲೆ ಯಾವುದೇ ವಿಷಯದಲ್ಲಿ ಕಾನೂನು ಮಾಡುವ ಪೂರ್ತಿ ಅಧಿಕಾರ ತನಗಿದೆ ಅಂತ.

ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕೆಲವು ವರ್ಷದ ಹಿಂದೆ ನಮ್ಮಲ್ಲೇ ಯುಗಾದಿ ಊಟದ ಟಿಕೆಟ್ 3 ಡಾಲರ್ ಏರಿತ್ತು. ಸಭೆ ಕರೆಯಲಿಲ್ಲ, ಒಂದು ಈಮೇಲ್ ಬಂತು ಅಷ್ಟೆ. ಒಬ್ಬಟ್ಟು ತಿನ್ನುತ್ತಲೇ ಜನ ಜಗಳಕ್ಕೆ ನಿಂತರು. ಸಮಿತಿ ಮಾರನೇ ದಿನ ದುಡ್ಡು ವಾಪಸ್ ಕೊಟ್ಟಿತು. ಕೊಡುವಾಗ 'ದರ ಏರಿಸುವ ಅಧಿಕಾರ ಸಮಿತಿಗೆ ಇದ್ದೇ ಇದೆ' ಅಂತ ಒಂದು ಸಾಲು ಸೇರಿಸಿತು. ಆ ಒಂದು ಸಾಲಿನಿಂದ ಆದ ರಂಪ 3 ಡಾಲರಿನಿಂದ ಆಗಿರಲಿಲ್ಲ.

ಲಂಡನ್ನಿನವರು ಇದನ್ನೇ ಮತ್ತೆ ಮತ್ತೆ ಮಾಡಿದರು. 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಟೀಗೆ ಸುಂಕ ಹಾಕಿದರು. ಇಲ್ಲಿನವರು ಬ್ರಿಟಿಷ್ ಸಾಮಾನು ಕೊಳ್ಳುವುದನ್ನೇ ಬಿಟ್ಟರು. ಬಾಸ್ಟನ್ನಿಗೆ ಸೈನ್ಯ ಬಂತು, 1770ರ ಮಾರ್ಚ್ 5ರಂದು ಗುಂಡು ಹಾರಿ ಐವರು ಸತ್ತರು. ಆ ವರ್ಷ ಸುಂಕಗಳನ್ನೆಲ್ಲ ತೆಗೆದರು, ಒಂದನ್ನು ಬಿಟ್ಟು. ಟೀ ಮೇಲೆ ಪೌಂಡ್ ತೂಕಕ್ಕೆ 3 ಪೆನ್ಸ್. ದುಡ್ಡಿಗಾಗಿ ಉಳಿಸಿಕೊಂಡ ಸುಂಕ ಅಲ್ಲ ಅದು. ಅಧಿಕಾರ ನಮ್ಮದು ಅಂತ ನೆನಪಿಸಲು ಇಟ್ಟುಕೊಂಡ ಗೂಟ.

ಇನ್ನು ಅಮ್ಮನ ಪ್ರಶ್ನೆಗೆ ಬರೋಣ. ಇಲ್ಲಿ ನಮ್ಮ ಊರಿಗೂ ಒಂದು ಎಳೆ ಇದೆ. ಆ ಟೀ ಈಸ್ಟ್ ಇಂಡಿಯಾ ಕಂಪನಿಯದು. ಬೆಳೆದದ್ದು ಚೀನಾದಲ್ಲಿ. ಕಂಪನಿಗೆ ಆಗ ಒಳ್ಳೇ ಕಾಲ ಅಲ್ಲ. ಹೈದರ್ ಅಲಿ 1769ರಲ್ಲಿ ಮದ್ರಾಸಿನ ಬಾಗಿಲಿಗೇ ಬಂದು ನಿಂತು ಕಂಪನಿಯಿಂದ ಒಪ್ಪಂದ ಬರೆಸಿಕೊಂಡ. ಆ ಯುದ್ಧದ ಸುದ್ದಿ ಮುಟ್ಟಿದಾಗ ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿಯಿತು. ಹಿಂದೆಯೇ ಬಂಗಾಳದ ಭೀಕರ ಬರ. 1772ರಲ್ಲಿ ಸಾಲ ಹುಟ್ಟದೆ ಕಂಪನಿ ಸರ್ಕಾರದ ಮುಂದೆ ಕೈಚಾಚಿತು. ಅದರ ಗೋದಾಮುಗಳಲ್ಲಿ ಸುಮಾರು 1.7 ಕೋಟಿ ಪೌಂಡ್ ತೂಕದ ಟೀ ಮಾರಾಟವಾಗದೆ ಕೂತಿತ್ತು. ಹೈದರನಿಂದಲೇ ಅಮೆರಿಕ ಸ್ವತಂತ್ರವಾಯಿತು ಅಂತ ನಾನು ಹೇಳುತ್ತಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಹಾಗೆ ಹಾಕಬೇಡಿ! ಕಂಪನಿಯ ಕಷ್ಟಗಳಲ್ಲಿ ಅದೂ ಒಂದು, ಅಷ್ಟೆ.

1773ರ ಮೇ ತಿಂಗಳಲ್ಲಿ ಪಾರ್ಲಿಮೆಂಟ್ ದಾರಿ ಹುಡುಕಿತು. ಕಂಪನಿ ಟೀಯನ್ನು ನೇರವಾಗಿ ಅಮೆರಿಕಕ್ಕೆ ಕಳಿಸಬಹುದು, ಮಧ್ಯದ ವ್ಯಾಪಾರಿಗಳು ಬೇಡ, ಇಂಗ್ಲೆಂಡಿನ ಸುಂಕ ಮಾಫಿ. ಟೀ ನಿಜವಾಗಿಯೂ ಅಗ್ಗವಾಯಿತು. ಡಚ್ಚರಿಂದ ಕಳ್ಳಸಾಗಣೆ ಮಾಡಿ ತರುತ್ತಿದ್ದ ಟೀಗೂ ಪೈಪೋಟಿ ಕೊಡುವಷ್ಟು. ಆದರೆ ಆ 3 ಪೆನ್ಸ್ ಹಾಗೇ ಇತ್ತು. ಅದನ್ನೂ ತೆಗೆದುಬಿಡಿ ಅಂತ ಪಾರ್ಲಿಮೆಂಟಿನಲ್ಲೇ ಕೆಲವರು ಹೇಳಿದರು. ಪ್ರಧಾನಿ ಲಾರ್ಡ್ ನಾರ್ತ್ ಕೇಳಲಿಲ್ಲ. ಬಾಸ್ಟನ್ನಿನಲ್ಲಿ ಮಾರುವ ಗುತ್ತಿಗೆ ಕೆಲವೇ ಮಂದಿಗೆ ಸಿಕ್ಕಿತು. ಅವರಲ್ಲಿ ಇಬ್ಬರು ಹಚಿನ್ಸನ್ ಮಕ್ಕಳು. ಅಪ್ಪ ಅಷ್ಟರಲ್ಲಿ ಗವರ್ನರ್ ಆಗಿದ್ದ.

ಕಳ್ಳಸಾಗಣೆಯವರಿಗೆ ಹೊಟ್ಟೆಯುರಿ, ಅಂಗಡಿಯವರಿಗೆ ಭಯ, ಉಳಿದವರಿಗೆ ಅನುಮಾನ. ಕುಡಿದರೆ 3 ಪೆನ್ಸಿಗೆ ಒಪ್ಪಿಕೊಂಡಂತೆ. ಅಗ್ಗದ ಆಸೆ ತೋರಿಸಿ ಹಕ್ಕು ಕಿತ್ತುಕೊಳ್ಳುತ್ತಾರೆ ಅನ್ನುವುದು ಅವರ ಲೆಕ್ಕ. ಫಿಲಡೆಲ್ಫಿಯಾದ ವಕೀಲ ಜಾನ್ ಡಿಕಿನ್ಸನ್ ಆ ನವೆಂಬರಿನಲ್ಲಿ ಬಂಗಾಳದ ಬರವನ್ನೇ ಎತ್ತಿ ಬರೆದ. ಮಳೆ ಬೆಳೆ ಇಲ್ಲದೆ ಅಲ್ಲ, ಧಾನ್ಯವನ್ನೆಲ್ಲ ಕಂಪನಿಯವರು ಹಿಡಿದಿಟ್ಟು ಬೆಲೆ ಏರಿಸಿದ್ದರಿಂದ ಲಕ್ಷಾಂತರ ಜನ ಸತ್ತರು, ಈಗ ಅವರ ಕಣ್ಣು ನಮ್ಮ ಮೇಲೆ ಬಿದ್ದಿದೆ ಅಂತ. ಬಂಗಾಳದ ಹಸಿವಿನ ಸುದ್ದಿ ಫಿಲಡೆಲ್ಫಿಯಾದ ಬೀದಿಗೆ ಬಂದಿತ್ತು ಅನ್ನುವುದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಡಿಸೆಂಬರ್ 16. ಡಾರ್ಟ್‌ಮತ್ ಹಡಗು ಬಂದು 20 ದಿನದೊಳಗೆ ಸುಂಕ ಕಟ್ಟಬೇಕು, ಇಲ್ಲದಿದ್ದರೆ ಅಧಿಕಾರಿಗಳು ಸರಕು ಜಪ್ತಿ ಮಾಡುತ್ತಾರೆ. ಮಾರನೇ ದಿನವೇ ಗಡುವು. ಓಲ್ಡ್ ಸೌತ್ ಸಭಾಭವನದಲ್ಲಿ ಸುಮಾರು 5000 ಜನ. ಹಡಗಿನ ಮಾಲೀಕ ಫ್ರಾನ್ಸಿಸ್ ರಾಚ್‌ನನ್ನು ಮಿಲ್ಟನ್ನಿನಲ್ಲಿದ್ದ ಗವರ್ನರ್ ಬಳಿಗೆ ಓಡಿಸಿದ್ದರು, ಹಡಗು ವಾಪಸ್ ಹೋಗಲು ಅನುಮತಿ ತಾ ಅಂತ. ಆತ ಬಂದದ್ದು ಕತ್ತಲಾದ ಮೇಲೆ, ಬರಿಗೈಯಲ್ಲಿ. ಆಮೇಲೆ ಮೂರು ಗಂಟೆ ಕೆಲಸ. ಮೂರು ಹಡಗು, 342 ಪೆಟ್ಟಿಗೆ, 92,000 ಪೌಂಡಿಗೂ ಜಾಸ್ತಿ ತೂಕ. ಸಮುದ್ರ ಇಳಿತದಲ್ಲಿತ್ತು. ಸುರಿದ ಟೀ ಮುಳುಗದೆ ಹುಲ್ಲಿನ ಮೆದೆಯ ಹಾಗೆ ಹಡಗಿನ ಪಕ್ಕ ಗುಡ್ಡೆಯಾಯಿತು. ಬೇರೆ ಯಾವ ವಸ್ತುವನ್ನೂ ಮುಟ್ಟಲಿಲ್ಲ. ಒಂದು ಬೀಗ ಒಡೆದಿತ್ತು, ಹೊಸದು ತಂದುಕೊಟ್ಟರು. ಜೇಬಿಗೆ ಟೀ ತುಂಬಿಕೊಳ್ಳಲು ಹೋದವನೊಬ್ಬನಿಗೆ ಜೊತೆಯವರೇ ಮರ್ಯಾದೆ ಕಳೆದರು.

ಲಂಡನ್ ಬಾಸ್ಟನ್ ಬಂದರನ್ನೇ ಮುಚ್ಚಿತು. ಅದಕ್ಕಿಂತ ಆಳಕ್ಕೆ ನಾಟಿದ್ದು ಇನ್ನೊಂದು ಕಾನೂನು. ಗವರ್ನರ್ ಅಪ್ಪಣೆ ಇಲ್ಲದೆ ಊರಿನವರು ವರ್ಷಕ್ಕೆ ಒಂದೇ ಸಭೆ ಸೇರಬಹುದು. ಟೀ ವಿಷಯ ಬಂದರಿನವರದ್ದು. ಊರಸಭೆ ಮಾತ್ರ ಒಳನಾಡಿನ ಪ್ರತಿಯೊಬ್ಬ ರೈತನದ್ದು. ನಮ್ಮ ಸದಸ್ಯರು ಬಹಳ ಮಂದಿ ಇರುವ ವುಸ್ಟರ್‌ನಲ್ಲಿ 1774ರ ಸೆಪ್ಟೆಂಬರ್ 6ರಂದು ಸುತ್ತಲಿನ ಹಳ್ಳಿಗಳಿಂದ 4,600ಕ್ಕೂ ಜಾಸ್ತಿ ಜನ ಬಂದು ನ್ಯಾಯಾಲಯ ತೆರೆಯಲು ಬಿಡಲಿಲ್ಲ. ರಸ್ತೆಯ ಎರಡೂ ಬದಿ ಸಾಲಾಗಿ ನಿಂತರು. ರಾಜನ ನ್ಯಾಯಾಧೀಶರು ಟೋಪಿ ಕೈಯಲ್ಲಿ ಹಿಡಿದು, ನಡುವೆ ನಡೆಯುತ್ತಾ, ತಪ್ಪೊಪ್ಪಿಗೆಯನ್ನು ಮತ್ತೆ ಮತ್ತೆ ಓದಬೇಕಾಯಿತು. ಒಂದು ಗುಂಡೂ ಹಾರಲಿಲ್ಲ. ಲೆಕ್ಸಿಂಗ್ಟನ್ನಿನಲ್ಲಿ ಯುದ್ಧದ ಮೊದಲ ಗುಂಡು ಹಾರಿದ್ದು ಏಳು ತಿಂಗಳ ಮೇಲೆ. ನನ್ನ ಪ್ರಕಾರ ಬ್ರಿಟಿಷ್ ಆಡಳಿತ ಮ್ಯಾಸಚೂಸೆಟ್ಸ್ ಕಳೆದುಕೊಂಡದ್ದು ಆ ರಸ್ತೆಯಲ್ಲೇ.

1775ರಲ್ಲೂ ರಾಜಿಗೆ ಒಂದು ಮನವಿ ಹೋಯಿತು. ಮೂರನೇ ಜಾರ್ಜ್ ಅದನ್ನು ತೆಗೆದುಕೊಳ್ಳಲೇ ಇಲ್ಲ, ಇವರು ದಂಗೆಕೋರರು ಅಂತ ಸಾರಿದ. 1776ರ ಜುಲೈನಲ್ಲಿ ಒಪ್ಪಿದ ಸ್ವಾತಂತ್ರ್ಯ ಘೋಷಣೆಯಲ್ಲಿ ರಾಜನ ಮೇಲೆ 27 ದೂರುಗಳಿವೆ. ನಮ್ಮ ಒಪ್ಪಿಗೆ ಇಲ್ಲದೆ ತೆರಿಗೆ ಹಾಕಿದ ಅನ್ನುವುದು ಎಷ್ಟನೆಯದು ಗೊತ್ತೇ? 17ನೆಯದು. ಮೊದಲ ಸಾಲಿನಲ್ಲಿರುವುದು ನಮ್ಮ ಕಾನೂನುಗಳಿಗೆ ಒಪ್ಪಿಗೆ ಕೊಡಲಿಲ್ಲ, ನಮ್ಮ ಸಭೆಗಳನ್ನು ವಿಸರ್ಜಿಸಿದ, ದೂರದ ಊರಿಗೆ ಕರೆದು ಸುಸ್ತು ಮಾಡಿಸಿದ ಅನ್ನುವಂಥವು. ಅಮ್ಮನಿಗೆ ಈ ಪಟ್ಟಿ ಓದಿ ಹೇಳಿದೆ. "ಹಾಗೆ ಹೇಳು, ಕೇಳದೆ ಮಾಡಿದ್ದಕ್ಕೆ" ಅಂದರು.

ಅದೇ ಕಾಗದದಲ್ಲಿ ಇಲ್ಲದ ಸಾಲೂ ಒಂದಿದೆ. ಗುಲಾಮರ ವ್ಯಾಪಾರವನ್ನು ಬೈದು, ಕರಡು ತಯಾರಿಸಿದ ಜೆಫರ್ಸನ್ ಬರೆದಿದ್ದ ಭಾಗವನ್ನು ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ ಹೊಡೆದುಹಾಕಿತು. ಬರೆದವನೇ ಗುಲಾಮರನ್ನು ಇಟ್ಟುಕೊಂಡಿದ್ದವನು. ವರ್ಜೀನಿಯಾದ ಗವರ್ನರ್ ಡನ್‌ಮೋರ್, ದಂಗೆಕೋರರ ಗುಲಾಮರು ನಮ್ಮ ಸೈನ್ಯ ಸೇರಿದರೆ ಬಿಡುಗಡೆ ಅಂದಾಗ ಅಲ್ಲಿನ ಜಮೀನ್ದಾರರು ಇನ್ನಷ್ಟು ಬೇಗ ಸ್ವಾತಂತ್ರ್ಯದ ಕಡೆ ವಾಲಿದರು. ನಮ್ಮನ್ನು ಕೇಳಿ ಅಂತ ಹೊರಟವರು ಯಾರನ್ನೆಲ್ಲ ಕೇಳಲಿಲ್ಲ ಅನ್ನುವ ಪಟ್ಟಿಯೂ ಉದ್ದ ಇದೆ.

ಯುದ್ಧದ ಕಥೆ ಇಲ್ಲಿ ಬೇಡ. ಒಂದು ಮಾತ್ರ ಹೇಳುತ್ತೇನೆ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು 'ಹೈದರ್ ಅಲಿ'. ಯಾರ್ಕ್‌ಟೌನಿನಲ್ಲಿ 1781ರಲ್ಲಿ ಸೋತು ಶರಣಾದ ಕಾರ್ನ್‌ವಾಲಿಸ್ ಹತ್ತು ವರ್ಷದಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಗೆ ತೆಗೆದುಕೊಂಡ. "ಅದೇ ಕಾರ್ನ್‌ವಾಲಿಸ್ಸೇ?" ಅಂತ ಅಮ್ಮ ಎರಡು ಸಲ ಕೇಳಿದರು.

ಹಡಗಿನ ಪಕ್ಕದ ಅಂಗಡಿಯಲ್ಲಿ ಅಂದು ಎಸೆದ ಐದು ಬಗೆಯ ಟೀಯನ್ನೂ ರುಚಿಗೆ ಕೊಡುತ್ತಾರೆ. ಅಮ್ಮ ಬೊಹಿ ಅನ್ನುವ ಕಪ್ಪು ಟೀಯನ್ನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಹಾಲಿಲ್ಲ, ಶುಂಠಿ ಇಲ್ಲ. "ಇದನ್ನೇನೋ ಎಸೆದದ್ದು? ಆಗಲಿ ಬಿಡು."

ನಮ್ಮ ಪಿಕ್ನಿಕ್ ಜುಲೈ 4ರ ಬೆಳಿಗ್ಗೆ. ಶುಂಠಿ ಹಾಕಿದ ಟೀ ಇರುತ್ತದೆ, ಫಿಲ್ಟರ್ ಕಾಫಿಯೂ ಇರುತ್ತದೆ. ಟಿಕೆಟ್ ದರ ಹೋದ ವರ್ಷಕ್ಕಿಂತ 2 ಡಾಲರ್ ಜಾಸ್ತಿ. ಈ ಸಲ ಸಭೆ ಕರೆದು, ಕೈ ಎತ್ತಿಸಿಯೇ ಏರಿಸಿದ್ದೇವೆ.